ಗೂಢಲಿಪಿಯ ಸಂದೇಶವೂ ಬಾಲರಕ್ಷಣೆಯೂ: ಒಂದು ವಿವೇಚನೆ

ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ವ್ಯಾಸಂಗಮಾಡಿ, ಮುಂದೆ ಕರ್ನಾಟಕ ಉಚ್ಚ ನ್ಯಾಯಾಲಯದ ನ್ಯಾಯಾಧೀಶರಾಗಿ ನಿವೃತ್ತರಾದ ಕೆ. ಎಸ್. ಪುಟ್ಟಸ್ವಾಮಿಯವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಸಲ್ಲಿಸಿದ ಅರ್ಜಿಯಿಂದ ಉದ್ಭವಿಸಿದ ಪ್ರಶ್ನೆಗೆ, ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಏಕಕಂಠದಿಂದ ಉತ್ತರವಿತ್ತು, ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿತು. ಆ ಹಕ್ಕು ನಿರಂಕುಶವಲ್ಲ. ಶಾಸನದ ಆಧಾರ, ನ್ಯಾಯಸಮ್ಮತವಾದ ಉದ್ದೇಶ, ಉದ್ದೇಶವನ್ನು ಮೀರದ ಉಪಾಯ ಇವು ಮೂರೂ ಇದ್ದಲ್ಲಿ ಪ್ರಭುತ್ವವು ಅದನ್ನು ನಿರ್ಬಂಧಿಸಬಹುದು. ಮಕ್ಕಳ ರಕ್ಷಣೆಯ ಉದ್ದೇಶವನ್ನು ಯಾರೂ ಅಲ್ಲಗಳೆಯರಾದುದರಿಂದ, ಗೂಢಲಿಪಿಯ ಸಂದೇಶಗಳ ಕುರಿತ ಪ್ರಕೃತ ವಿವಾದವೆಲ್ಲ ಮೂರನೆಯ ನಿಕಷದ ಮೇಲೆಯೇ ನಿಂತಿದೆ.

2021ರ ಮಾಹಿತಿ ತಂತ್ರಜ್ಞಾನ ನಿಯಮಗಳು 50 ಲಕ್ಷಕ್ಕೂ ಮಿಗಿಲಾದ ಬಳಕೆದಾರರುಳ್ಳ ಸಂದೇಶಸೇವೆಗಳಿಗೆ, ಮಕ್ಕಳ ಲೈಂಗಿಕ ಶೋಷಣೆಯ ಚಿತ್ರಗಳೇ ಮೊದಲಾದ ಗುರುತರ ಅಪರಾಧಗಳಲ್ಲಿ ಸಂದೇಶವನ್ನು ಮೊದಲು ಕಳುಹಿದವನನ್ನು ಗುರುತಿಸಿಕೊಡುವ ಹೊಣೆಯನ್ನು ವಿಧಿಸಿದುವು. ವಾಟ್ಸಾಪ್ ಇದನ್ನು ದೆಹಲಿ ಉಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಿತು. 2016ರಿಂದೀಚೆಗೆ ಅದರ ಸಂದೇಶಗಳು ಕಳುಹಿಸುವವನ ಫೋನಿನಲ್ಲಿ ಬೀಗಬಿದ್ದು ಪಡೆಯುವವನ ಫೋನಿನಲ್ಲಿ ಮಾತ್ರ ತೆರೆಯುವುವು. ನಡುವಣ ಸರ್ವರ್ ಯಂತ್ರಕ್ಕೆ ಅವು ಅಗಮ್ಯ; ಇದೇ ಗೂಢಲಿಪಿ. ನಾಳೆ ಯಾವ ಸಂದೇಶ ವಿಚಾರಣೆಗೆ ಬಂದೀತೆಂಬುದು ಇಂದೇ ತಿಳಿಯದ ಕಾರಣ, ಒಬ್ಬ ದುಷ್ಟನ ಪತ್ತೆಗಾಗಿ ಸಮಸ್ತರ ಸಂದೇಶಗಳಿಗೂ ಗುರುತೊತ್ತಬೇಕಾಗುತ್ತದೆ. ಅಷ್ಟಾಗಿಯೂ, ಚಿತ್ರದ ಅಂಚನ್ನು ಕೊಂಚ ಕತ್ತರಿಸಿ ಹೊಸದಾಗಿ ಕಳುಹಿದೊಡನೆ ಆ ಜಾಡು ತಪ್ಪುತ್ತದೆ.

ಕಡಿಮೆ ಅತಿಕ್ರಮಣದ ಅನ್ಯೋಪಾಯ ಫಲಕಾರಿಯಾಗುವಲ್ಲಿ ಇಂತಹ ಆಜ್ಞೆ ಸಲ್ಲದೆಂದು ಅದೇ ನಿಯಮವೇ ಹೇಳುತ್ತದೆ. ಆ ಉಪಾಯ ಸಂದೇಶ ಪಡೆದವರ ಕೈಯಲ್ಲಿದೆ. ಅಂತಹ ಸಂದೇಶ ಬಂದ ಹುಡುಗಿಯಾಗಲಿ ಅವಳ ತಾಯಿಯಾಗಲಿ ವಾಟ್ಸಾಪಿನಲ್ಲಿ 'ರಿಪೋರ್ಟ್' ಒತ್ತಿದರೆ, ಕಳುಹಿದ ವ್ಯಕ್ತಿಯಿಂದ ಬಂದ ಕಡೆಯ ಐದು ಸಂದೇಶಗಳು ಸಂಸ್ಥೆಗೆ ಓದಲು ಸಿಗುವುವು. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳನ್ನು ಕುರಿತ 2012ರ ಪೋಕ್ಸೊ ಕಾಯಿದೆಯ 19ನೆಯ ಕಲಮು ಅಪರಾಧವನ್ನರಿತ ಪ್ರತಿಯೊಬ್ಬರೂ ಪೊಲೀಸರಿಗೆ ತಿಳಿಸಬೇಕೆಂದು ವಿಧಿಸಿದೆ. ಮೈಸೂರಿನಲ್ಲಿ ಸೈಬರ್ ಅಪರಾಧಗಳನ್ನು ವಿಚಾರಿಸುವ ಸೆನ್ ಪೊಲೀಸ್ ಠಾಣೆಯೂ 1098 ಮಕ್ಕಳ ಸಹಾಯವಾಣಿಯೂ ಉಂಟು. ಆದರೆ ಮಾನಕ್ಕಂಜಿದ ಮನೆಯವರು ಮೊದಲು ಮಾಡುವುದು ಚಾಟನ್ನು ಅಳಿಸುವ ಕೆಲಸ. ಆ ಕ್ಷಣದಲ್ಲಿ, ಗೂಢಲಿಪಿ ಮುಚ್ಚಿಡದೆ ಉಳಿಸಿದ್ದ ಸಾಕ್ಷ್ಯವೂ ಇಲ್ಲವಾಗುತ್ತದೆ.

ದುಷ್ಟರು ತಮ್ಮತಮ್ಮೊಳಗೇ ಹಂಚಿಕೊಳ್ಳುವ ಚಿತ್ರಗಳ ಬಗೆಗೆ ದೂರು ಕೊಡುವವರಿಲ್ಲವೆಂಬ ಆಕ್ಷೇಪಣೆ ನಿಜವೇ. ಅಲ್ಲಿ ಗೂಢಲಿಪಿಗೆ ಒಳಪಡದ ಗುಂಪಿನ ಹೆಸರು, ಗುಂಪಿನ ಮುಖಚಿತ್ರಗಳ ಪರೀಕ್ಷೆಯೂ ವಶಪಡಿಸಿಕೊಂಡ ಫೋನಿನ ಶೋಧನೆಯೂ ನಿಧಾನವಾದರೂ ಎಲ್ಲರ ಸಂದೇಶಗಳನ್ನೂ ಮುಟ್ಟದ ಮಾರ್ಗಗಳು. ಮನೆಯೊಳಗಿನವರಿಂದಲೇ ಪೀಡಿತವಾದ ಮಗು ಹೊರಗಿನವರಿಗೆ ಗುಟ್ಟಾಗಿ ಬರೆಯುವಾಗ ಅದೇ ಗೂಢಲಿಪಿಯೇ ಅದಕ್ಕೆ ಆಶ್ರಯವಾದುದರಿಂದ, ಈ ಮಾರ್ಗಗಳೆಲ್ಲ ಪೂರ್ಣವಾಗಿ ಬಳಕೆಗೆ ಬರುವ ಮುನ್ನ ಎಲ್ಲರ ಸಂದೇಶಕ್ಕೂ ಗುರುತೊತ್ತುವ ವಿಧಿಯು ಮೂರನೆಯ ನಿಕಷದಲ್ಲಿ ತೇರ್ಗಡೆಯಾಗಲಾರದು.