ಕಾಲ್ಚೆಂಡಾಟವೂ ಅದರ ನೆಲವೂ

ಆಟಗಳ ಚರಿತ್ರೆಯನ್ನು ಬರೆಯುವವರು ಗೆದ್ದವರ ಹೆಸರುಗಳನ್ನೂ ಬಹುಮಾನದ ಬಟ್ಟಲುಗಳನ್ನೂ ತಪ್ಪದೆ ಎಣಿಸುತ್ತಾರೆ. ಆಟ ನಡೆದ ನೆಲದ ಕಡೆಗೆ ಅವರ ದೃಷ್ಟಿ ಹರಿಯುವುದು ಅಪರೂಪ. ಆದರೂ ಆಟಗಾರನಿಗೆ ಮೊದಲನೆಯ ಗುರು ನೆಲವೇ ಆಗಿದೆ. ದಾವಣಗೆರೆ ಹರಿಹರಗಳ ಸೀಮೆಯವರಿಗೆ ಈ ಮಾತನ್ನು ಹೆಚ್ಚಾಗಿ ಬಿಡಿಸಿ ಹೇಳಬೇಕಾದುದಿಲ್ಲ. ಗರಡಿಮನೆಗಳಲ್ಲಿ ಪೈಲ್ವಾನನ ಮೈಯನ್ನು ಹದಗೊಳಿಸುವ ಮುನ್ನ ಅಖಾಡದ ಮಣ್ಣನ್ನು ಹದಗೊಳಿಸುತ್ತಾರೆ. ಕೆಮ್ಮಣ್ಣನ್ನು ತಂದು, ಜರಡಿಯಾಡಿಸಿ, ಎಣ್ಣೆ ಅರಿಸಿನ ಮಜ್ಜಿಗೆಗಳನ್ನು ಬೆರೆಸಿ, ಗುದ್ದಲಿಯಿಂದ ಮಗುಚಿ, ಬಿದ್ದವನಿಗೆ ನೋವಾಗದಂತೆಯೂ ನಿಂತವನಿಗೆ ಕಾಲು ಜಾರದಂತೆಯೂ ಅದನ್ನು ಸಿದ್ಧಪಡಿಸುವುದು ಹಿಂದಿನಿಂದ ಬಂದ ವಾಡಿಕೆ. ಮಣ್ಣು ಕೆಟ್ಟರೆ ಪಟ್ಟು ಕೆಟ್ಟಿತೆಂದು ತಿಳಿದ ಜನರಿವರು. ಇದೇ ಮಾತು ಹೊರದೇಶದಿಂದ ಬಂದ ಕಾಲ್ಚೆಂಡಾಟಕ್ಕೂ ಹೇಗೆ ಸಲ್ಲುತ್ತದೆಂಬುದನ್ನು ಕನ್ನಡನಾಡಿನ ಚಿಕ್ಕ ಮೈದಾನಗಳ ಚರಿತ್ರೆಯು ತೋರಿಸುತ್ತದೆ.

ಈ ಆಟಕ್ಕೆ ಬೇಕಾದ ನೆಲವು ಅಲ್ಪವಲ್ಲ. ಆಟದ ನಿಯಮಗಳು ಮೈದಾನದ ಉದ್ದಕ್ಕೆ 100ರಿಂದ 130 ಗಜಗಳನ್ನೂ ಅಗಲಕ್ಕೆ 50ರಿಂದ 100 ಗಜಗಳನ್ನೂ ವಿಧಿಸುತ್ತವೆ. ಉದ್ದ 110 ಗಜ, ಅಗಲ 70 ಗಜವೆಂದು ಹಿಡಿದರೂ ಗೆರೆಗಳ ಒಳಗಣ ನೆಲವೇ ಸುಮಾರು ಒಂದು ಎಕರೆ 24 ಗುಂಟೆಯಾಗುತ್ತದೆ. ನೋಡುವವರು ನಿಲ್ಲುವ ಜಾಗ ಬೇರೆ. ಊರಿನ ನಡುವೆ ಇಷ್ಟು ನೆಲವನ್ನು ಬೆಳೆಗೂ ಮನೆಗೂ ಬಿಡದೆ ಬರಿದಾಗಿ ಉಳಿಸಿಕೊಳ್ಳುವುದು ಸುಲಭವಲ್ಲ. ಅದಕ್ಕೆ ಧಣಿಯೊಬ್ಬನ ಔದಾರ್ಯ ಬೇಕು, ಇಲ್ಲವೆ ಸರ್ಕಾರದ ಅಪ್ಪಣೆ ಬೇಕು, ಇಲ್ಲವೆ ನೋಡುವ ಜನರ ಕಾಸು ಬೇಕು. ಈ ಮೂರರಲ್ಲಿ ಯಾವುದು ಒದಗಿತೆಂಬುದರ ಮೇಲೆ ಒಂದೊಂದು ದೇಶದಲ್ಲಿ ಆಟದ ಭಾಗ್ಯವು ನಿರ್ಧರವಾಯಿತು.

ಸ್ಕಾಟ್ಲೆಂಡಿನಲ್ಲಿ ಒದಗಿದುದು ಜನರ ಕಾಸು. ಆ ದೇಶಕ್ಕೂ ಇಂಗ್ಲೆಂಡಿಗೂ ಮೊದಲನೆಯ ಅಧಿಕೃತ ಪಂದ್ಯವು 1872ನೆಯ ನವೆಂಬರ್ 30ರಂದು ಗ್ಲಾಸ್ಗೋ ಬಳಿಯ ಪಾರ್ಟಿಕ್‌ನಲ್ಲಿ, ಒಂದು ಕ್ರಿಕೆಟ್ ಸಂಘದ ಮೈದಾನದಲ್ಲಿ ನಡೆಯಿತು. ಹಿಂದಿನ ದಿನಗಳಲ್ಲಿ ಸುರಿದ ಮಳೆಯಿಂದ ನೆಲವು ತೊಯ್ದು ಭಾರವಾಗಿತ್ತು. ಎರಡು ಪಕ್ಷಗಳವರೂ ಒಂದು ಗೋಲನ್ನಾದರೂ ಹೊಡೆಯಲಾರದೆ ಹೋದರು. ಆದರೂ ತಲೆಗೊಂದು ಷಿಲ್ಲಿಂಗು ಕೊಟ್ಟು ಸುಮಾರು ನಾಲ್ಕು ಸಾವಿರ ಜನ ಒಳಗೆ ಬಂದಿದ್ದರು. ಬೇಲಿ ಹಾಕಿ ಬಾಗಿಲಿಟ್ಟ ನೆಲದಿಂದ ಹಣ ಹುಟ್ಟುತ್ತದೆಂಬುದು ಸ್ಪಷ್ಟವಾದ ಮೇಲೆ, ಶನಿವಾರದ ಅರ್ಧದಿನ ಬಿಡುವನ್ನು ಪಡೆದ ಗಿರಣಿ ಗಣಿಗಳ ಕೆಲಸಗಾರರೇ ಆ ಆಟದ ಪೋಷಕರಾದರು. 1937ನೆಯ ಏಪ್ರಿಲ್‌ನಲ್ಲಿ ಗ್ಲಾಸ್ಗೋವಿನ ಹ್ಯಾಂಪ್ಡನ್ ಪಾರ್ಕಿನಲ್ಲಿ ನಡೆದ ಇಂಗ್ಲೆಂಡಿನ ಮೇಲಣ ಪಂದ್ಯಕ್ಕೆ 1,49,415 ಮಂದಿ ಸೇರಿದ್ದರೆಂದು ಅಧಿಕೃತ ಲೆಕ್ಕವಿದೆ.

ಇದು ದೊಡ್ಡವರ ಮಾತಾಯಿತು. ಅಲ್ಲಿಯ ಹಳ್ಳಿಗಳಲ್ಲಿಯೂ ಬೀದಿಗಳಲ್ಲಿಯೂ ಹುಟ್ಟಿದ ಕಿರಿಯ ಸಂಘಗಳ ಕಥೆ ಇದಕ್ಕಿಂತ ರಮ್ಯವಾದುದು. ಅವುಗಳನ್ನು ಅಲ್ಲಿ ‘ಜೂನಿಯರ್’ ಎಂದು ಕರೆಯುತ್ತಿದ್ದರು; ಆ ಹೆಸರು ಆಟಗಾರರ ವಯಸ್ಸನ್ನಲ್ಲ, ಸಂಘದ ಅಂತಸ್ತನ್ನು ಹೇಳುವಂಥದು. ಏರ್‌ಷೈರ್ ಪ್ರಾಂತದ ಕಲ್ಲಿದ್ದಲಿನ ಗಣಿಗ್ರಾಮವಾದ ಆಕಿನ್‌ಲೆಕ್‌ನಲ್ಲಿ 1909ರಲ್ಲಿ ಸ್ಥಾಪಿತವಾದ ಟಾಲ್ಬಟ್ ಸಂಘವು ಇಂತಹವುಗಳಲ್ಲಿ ಬಹು ಪ್ರಸಿದ್ಧವಾದುದು. ಈ ಕಿರಿಯ ಸಂಘಗಳ ಬಟ್ಟಲಿಗಾಗಿ 1951ರಲ್ಲಿ ಪೀಟರ್ಸ್‌ಹಿಲ್ ಮತ್ತು ಅರ್ವಿನ್ ಮೆಡೋ ಎಂಬ ಎರಡು ಸಂಘಗಳು ಹ್ಯಾಂಪ್ಡನ್ ಪಾರ್ಕಿನಲ್ಲಿ ಆಡಿದಾಗ 77,650 ಜನ ನೋಡಲು ಬಂದಿದ್ದರು. ಮುಂದೆ ಗಣಿಗಳು ಒಂದೊಂದಾಗಿ ಮುಚ್ಚಿದುವು, ಜನ ಕಡಮೆಯಾದರು. ಆದರೂ ಬೇಲಿಯೊಳಗಣ ನೆಲವು ಹಲವು ಸಂಘಗಳಿಗೆ ಉಳಿಯಿತು. ನೆಲ ಉಳಿದುದರಿಂದ ಸಂಘವೂ ಉಳಿಯಿತು.

ಕನ್ನಡನಾಡಿಗೆ ಈ ಆಟವು ಬಂದುದು ಸಿಪಾಯಿಗಳ ಹಿಂದೆ. ಬೆಂಗಳೂರಿನ ದಂಡುಪ್ರದೇಶವು 19ನೆಯ ಶತಮಾನದ ಮೊದಲ ದಶಕದಲ್ಲಿ ಸ್ಥಾಪಿತವಾಗಿ, 1947ರವರೆಗೆ ಆಂಗ್ಲರ ಆಡಳಿತದಲ್ಲಿತ್ತು. ಅಲ್ಲಿ ತಂಗುತ್ತಿದ್ದ ಗೋರಾ ಪಲ್ಟನ್ನುಗಳು ಕವಾಯತಿನ ಬಯಲಿನಲ್ಲಿ ಸಂಜೆಯ ಹೊತ್ತು ಚೆಂಡನ್ನು ಒದೆಯುತ್ತಿದ್ದುವು. ಅವರಿಗೆ ಅಡುಗೆ, ಹೊಲಿಗೆ, ಕುದುರೆಲಾಯ ಮೊದಲಾದ ಕೆಲಸಗಳನ್ನು ಮಾಡಿಕೊಡುತ್ತಿದ್ದ ಜನರು ಹಲಸೂರು, ಶಿವಾಜಿನಗರ, ಆಸ್ಟಿನ್ ಟೌನ್ ಮೊದಲಾದ ಬಡಾವಣೆಗಳಲ್ಲಿ ನೆಲೆಸಿದ್ದರು. ಅವರ ಮಕ್ಕಳು ಗೆರೆಯ ಆಚೆ ನಿಂತು ನೋಡಿದರು; ಹೊರಗೆ ಬಿದ್ದ ಚೆಂಡನ್ನು ಓಡಿಹೋಗಿ ತಂದುಕೊಟ್ಟರು; ಕಾಲಕ್ರಮದಲ್ಲಿ ತಾವೂ ಆಡತೊಡಗಿದರು. ಕೋಲಾರದ ಚಿನ್ನದ ಗಣಿಗಳಲ್ಲಿ 1880ರಿಂದೀಚೆಗೆ ಬಂದು ನೆಲಸಿದ ಆಂಗ್ಲ ಗಣಿಗಾರರಿಂದ ಅಲ್ಲಿಯ ಕೂಲಿಗಾರರ ಸಾಲುಮನೆಗಳಿಗೂ ಈ ಆಟವು ಹಬ್ಬಿತು.

ಈ ಹುಡುಗರಿಗೆ ದೊರೆತ ನೆಲ ಎಂತಹದು? ಹಸಿರು ಹಾಸಿನದಲ್ಲ. ಬೆಂಗಳೂರು ಕೋಲಾರಗಳ ಕೆಂಪು ಮರಳುಮಣ್ಣು ನೀರನ್ನು ಬೇಗ ಹೀರಿ ಬೇಗ ಒಣಗುತ್ತದೆ. ಸಾವಿರ ಕಾಲುಗಳ ತುಳಿತದಿಂದ ಹುಲ್ಲು ಸತ್ತು ನೆಲವು ಸಗಣಿ ಸಾರಿಸಿದ ಅಂಗಳದಂತೆ ಗಟ್ಟಿಯಾಗುತ್ತದೆ. ಇಂತಹ ನೆಲದಲ್ಲಿ ಚೆಂಡು ಪುಟಿಯುವುದೂ ಹೆಚ್ಚು, ಉರುಳುವ ವೇಗವೂ ಹೆಚ್ಚು. ಬೂಟಿನ ಕಾಲು ಅದನ್ನು ತಡೆಯುವಷ್ಟರಲ್ಲಿ ಬರಿಗಾಲು ಬೆರಳಿನಿಂದ ತಡೆದು, ಪಾದದ ಒಳಗಡೆಯಿಂದ ತಿರುವಿ, ಹೊರಗಡೆಯಿಂದ ದಾಟಿಸಿಬಿಡುತ್ತದೆ. ಬೂಟು ಕೊಳ್ಳಲು ಕಾಸಿಲ್ಲದ ಬಡತನವು ಕೈಚಳಕಕ್ಕೆ ಸಮನಾದ ಕಾಲ್ಚಳಕವನ್ನು ಹೀಗೆ ಕಲಿಸಿತು. ಮಳೆ ಬಂದರೆ ಮಾತ್ರ ಲೆಕ್ಕ ತಲೆಕೆಳಗಾಗುತ್ತಿತ್ತು. ಅಂದಿನ ಚೆಂಡು ತೊಗಲಿನದು. ನೀರು ಕುಡಿದು ಭಾರವಾಗುತ್ತಿತ್ತು. ಬರಿಗಾಲು ಕೆಸರಿನಲ್ಲಿ ಜಾರುತ್ತಿತ್ತು. ಅಡಿಯಲ್ಲಿ ಗುಬುಟುಗಳನ್ನು ಹೊಡೆದ ಬೂಟು ನೆಲವನ್ನು ಕಚ್ಚಿ ಹಿಡಿಯುತ್ತಿತ್ತು.

ಕಲ್ಕತ್ತೆಯ ಚರಿತ್ರೆಯು ಇದಕ್ಕೆ ಒಳ್ಳೆಯ ನಿದರ್ಶನ. 1911ನೆಯ ಜುಲೈ 29ರಂದು ಮೋಹನ್ ಬಗಾನ್ ಸಂಘವು ಈಸ್ಟ್ ಯಾರ್ಕ್‌ಷೈರ್ ಪಲ್ಟನ್ನನ್ನು 2–1ರಿಂದ ಸೋಲಿಸಿದಾಗ ಅದರ ಹನ್ನೊಂದು ಮಂದಿಯಲ್ಲಿ ಬೂಟು ತೊಟ್ಟವನು ಒಬ್ಬನೇ. ಅದೇ ಸಂಘವು 1923ರಲ್ಲಿ ಅದೇ ಬಹುಮಾನದ ಕೊನೆಯ ಪಂದ್ಯದಲ್ಲಿ, ಕೆಸರಾದ ಮೈದಾನದ ಮೇಲೆ, ಕಲ್ಕತ್ತಾ ಸಂಘಕ್ಕೆ ಸೋತಿತು. ಮೊಹಮ್ಮಡನ್ ಸ್ಪೋರ್ಟಿಂಗ್ ಸಂಘದವರು ಈ ಪಾಠವನ್ನು ಕಲಿತು, ನೆಲ ಒದ್ದೆಯಾದಾಗ ಹಗುರವಾದ ಬೂಟುಗಳನ್ನು ತೊಟ್ಟು, 1934ರಿಂದ 1938ರವರೆಗೆ ಕಲ್ಕತ್ತೆಯ ಲೀಗಿನಲ್ಲಿ ಸತತವಾಗಿ ಐದು ವರ್ಷ ಗೆದ್ದರು.

ಇಂತಹ ಮೊಹಮ್ಮಡನ್ ಸ್ಪೋರ್ಟಿಂಗನ್ನೇ 1937ರಲ್ಲಿ ಮುಂಬಯಿಯ ರೋವರ್ಸ್ ಬಟ್ಟಲಿನ ಕೊನೆಯ ಪಂದ್ಯದಲ್ಲಿ 1–0ರಿಂದ ಸೋಲಿಸಿದವರು ಬೆಂಗಳೂರು ಮುಸ್ಲಿಮ್ಸ್ ಎಂಬ ಸಂಘದವರು. 1891ರಲ್ಲಿ ಪ್ರಾರಂಭವಾದ ಆ ಪಂದ್ಯಾವಳಿಯನ್ನು ಅದುವರೆಗೆ ಪಲ್ಟನ್ನುಗಳೇ ಗೆಲ್ಲುತ್ತಿದ್ದುವು. ಅದನ್ನು ಗೆದ್ದ ಮೊದಲನೆಯ ಭಾರತೀಯ ನಾಗರಿಕ ಸಂಘವು ಇದೇ. ಮರುವರ್ಷ, 1938ರಲ್ಲಿ, ಕೊನೆಯ ಪಂದ್ಯದಲ್ಲಿ ಎದುರಾದವರು ಸ್ಕಾಟ್ಲೆಂಡಿನ ಆರ್ಗೈಲ್ ಮತ್ತು ಸದರ್ಲೆಂಡ್ ಹೈಲ್ಯಾಂಡರ್ಸ್ ಪಲ್ಟನ್ನಿನವರು. ಅವರನ್ನೂ 3–2ರಿಂದ ಸೋಲಿಸಿ ಬೆಂಗಳೂರಿನವರು ಬಟ್ಟಲನ್ನು ಉಳಿಸಿಕೊಂಡರು. ಹ್ಯಾಂಪ್ಡನ್ ಪಾರ್ಕಿನಲ್ಲಿ ಒಂದೂವರೆ ಲಕ್ಷ ಜನ ಸೇರಿದುದಕ್ಕೆ ಮರುವರ್ಷವೇ ಆ ದೇಶದ ಯೋಧರ ತಂಡವನ್ನು ಬೇಲಿಯಿಲ್ಲದ ಬಯಲುಗಳಲ್ಲಿ ಬೆಳೆದವರು ಗೆದ್ದರೆಂಬುದು ನೆನಪಿಡತಕ್ಕ ಸಂಗತಿ. 1948ರಲ್ಲಿ ಇದೇ ಸಂಘವು ಮೋಹನ್ ಬಗಾನನ್ನು ಸೋಲಿಸಿ ಮೂರನೆಯ ಬಾರಿ ರೋವರ್ಸ್ ಬಟ್ಟಲನ್ನು ಪಡೆಯಿತು.

ಈ ಕಿರಿಯ ಬಯಲುಗಳಿಗೆ ಎಷ್ಟು ಜನ ಬರುತ್ತಿದ್ದರೆಂದರೆ, ಬಾಗಿಲಿಲ್ಲದ ಕಡೆ ಲೆಕ್ಕವೂ ಇಲ್ಲ. 1911ರ ಕಲ್ಕತ್ತೆಯ ಜನಸಂದಣಿಯನ್ನು ಕೆಲವರು 60,000 ಎಂದರು, ಕೆಲವರು 80,000 ಎಂದರು. ಕಾಣದವರಿಗೆ ತಿಳಿಯಲೆಂದು ಗೋಲುಗಳ ಸಂಖ್ಯೆಯನ್ನು ಗಾಳಿಪಟದಲ್ಲಿ ಹಾರಿಸುತ್ತಿದ್ದರೆಂದು ಪ್ರತೀತಿಯಿದೆ. ಬೀದಿಯ ಸಂಘದ ಪಂದ್ಯಕ್ಕೆ ಇಂತಹ ಕೀರ್ತಿಯಿಲ್ಲ. ಸುಣ್ಣದ ಗೆರೆಗೆ ಕಾಲ್ಬೆರಳು ತಾಗುವಂತೆ ನಿಂತ ನಾಲ್ಕೈದು ಸಾಲುಗಳು, ಮರದ ಮೇಲೆ ಕುಳಿತ ಹುಡುಗರು, ಆಚೆಯ ಮನೆಗಳ ಮಾಡಿಯ ಮೇಲಣ ಹೆಂಗಸರು—ಇವರೇ ಅದರ ಪ್ರೇಕ್ಷಕರು. ಇವರಿಂದ ಟಿಕೀಟಿನ ಹಣ ಬರುವುದಿಲ್ಲವಾದುದರಿಂದ ಚೆಂಡಿಗೂ ಸುಣ್ಣಕ್ಕೂ ಚಂದಾ ಎತ್ತಬೇಕು. ಆದರೆ ಇವರಿಂದ ದೊರೆಯುವ ಇನ್ನೊಂದು ಲಾಭವುಂಟು: ಆಡುವವನ ತಂದೆಯನ್ನೂ ಅಣ್ಣನನ್ನೂ ಬಲ್ಲ ಪ್ರೇಕ್ಷಕನು ಮೆಚ್ಚಿದರೆ ಹುಡುಗನಿಗೆ ಅದೇ ಪದಕ, ಛೀಮಾರಿ ಹಾಕಿದರೆ ಅದೇ ಶಿಕ್ಷೆ.

ಈ ಶಾಲೆಯಲ್ಲಿ ಕಲಿತವರು ದೂರ ಹೋದರು. ಮೈಸೂರು ಸಂಸ್ಥಾನದ ತಂಡವು 1946–47ರಲ್ಲಿ ಬಂಗಾಳವನ್ನು ಸೋಲಿಸಿ ಸಂತೋಷ್ ಟ್ರೋಫಿಯನ್ನು ಗೆದ್ದಿತು. 1952–53, 1967–68, 1968–69ರಲ್ಲಿಯೂ ಗೆದ್ದಿತು. 1948ರ ಲಂಡನ್ ಒಲಿಂಪಿಕ್ಸಿನ ಮೊದಲ ಪಂದ್ಯಗಳಲ್ಲಿ ಹಲವು ಆ ಪಟ್ಟಣದ ಸುತ್ತಣ ಹವ್ಯಾಸೀ ಸಂಘಗಳ ಚಿಕ್ಕ ಮೈದಾನಗಳಲ್ಲಿಯೇ ನಡೆದುವು. ಜುಲೈ 31ರಂದು ಇಲ್‌ಫರ್ಡಿನಲ್ಲಿ ಭಾರತವು ಫ್ರಾನ್ಸನ್ನು ಎದುರಿಸಿ, ಎರಡು ಪೆನಾಲ್ಟಿಗಳನ್ನು ಕಳೆದುಕೊಂಡು, 1–2ರಿಂದ ಸೋತಿತು. ಒಲಿಂಪಿಕ್ಸ್ ಕಾಲ್ಚೆಂಡಾಟದಲ್ಲಿ ಭಾರತದ ಮೊದಲ ಗೋಲಾದ ಆ ಒಂದು ಗೋಲನ್ನು ಹೊಡೆದವನು ಬೆಂಗಳೂರಿನ ಸಾರಂಗಪಾಣಿ ರಾಮನ್. ಅಂದು ತಂಡದವರಲ್ಲಿ ಬಹುಮಂದಿ ಬರಿಗಾಲಿನವರು. ನಾಲ್ಕು ವರ್ಷಗಳ ಬಳಿಕ 1952ರಲ್ಲಿ ಹೆಲ್ಸಿಂಕಿಯ ಚಳಿಯಲ್ಲಿ ಯುಗೊಸ್ಲಾವಿಯವು ಭಾರತವನ್ನು 10–1ರಿಂದ ಸೋಲಿಸಿತು. ಆ ಒಂದು ಗೋಲೂ ಬೆಂಗಳೂರಿನ ಅಹ್ಮದ್ ಖಾನನದೇ. ಬರಿಗಾಲಿನ ಯುಗವು ಅಲ್ಲಿಗೆ ಮುಗಿಯಿತು. ಸೋಲಿನ ಬಳಿಕ ಬೂಟನ್ನು ಕಡ್ಡಾಯಮಾಡಲಾಯಿತು. ಕೆಂಪು ನೆಲವು ಕಲಿಸಿದ ವಿದ್ಯೆಯು ಒದ್ದೆ ಹುಲ್ಲಿನ ಮೇಲೆ ಸಾಲದಾಯಿತೆಂಬುದು ನಿಜ. ಆ ವಿದ್ಯೆಯೇ ಹುಸಿಯೆಂದು ತಿಳಿಯುವುದು ಮಾತ್ರ ಅನ್ಯಾಯ.

ಆಮೇಲೆ ಪೋಷಕರು ಬದಲಾದರು. 1940ರಲ್ಲಿ ಸ್ಥಾಪಿತವಾದ ಹಿಂದುಸ್ಥಾನ್ ವಿಮಾನ ಕಾರ್ಖಾನೆಯೂ 1948ರ ಟೆಲಿಫೋನ್ ಕಾರ್ಖಾನೆಯೂ ಆಟಗಾರರಿಗೆ ನೌಕರಿ ಕೊಟ್ಟು ತಂಡಗಳನ್ನು ಕಟ್ಟಿದುವು. ಹುಡುಗನಿಗೆ ಸಂಬಳ ದೊರೆಯಿತು. ಅವನ ಬೀದಿಯ ಸಂಘವು ಅವನನ್ನು ಕಳೆದುಕೊಂಡಿತು. ಕಾರ್ಖಾನೆಗಳ ಕೈ ಬಿಗಿಯಾದಾಗ ಆ ತಂಡಗಳೂ ಮಸುಕಾದುವು. ಕೋಲಾರದ ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದುವು. 2013ರಲ್ಲಿ ಸ್ಥಾಪಿತವಾದ ಬೆಂಗಳೂರು ಎಫ್‌ಸಿ ಎಂಬ ವೃತ್ತಿಪರ ಸಂಘವು ತನ್ನ ಮೊದಲನೆಯ ವರ್ಷದಲ್ಲಿಯೇ ರಾಷ್ಟ್ರೀಯ ಲೀಗನ್ನು ಗೆದ್ದು, ಅಶೋಕನಗರದ ಚಿಕ್ಕ ಕ್ರೀಡಾಂಗಣದಿಂದ ಕಂಠೀರವ ಕ್ರೀಡಾಂಗಣಕ್ಕೆ ಸಾಗಿ, ಟಿಕೀಟು ಕೊಂಡು ಬರುವ ಹೊಸ ಪ್ರೇಕ್ಷಕರನ್ನು ಸಂಪಾದಿಸಿತು. 2023ರ ಮಾರ್ಚ್‌ನಲ್ಲಿ ಸೌದಿ ಅರೇಬಿಯದ ರಿಯಾಧ್ ನಗರದಲ್ಲಿ ಕರ್ನಾಟಕವು ಮೇಘಾಲಯವನ್ನು 3–2ರಿಂದ ಗೆದ್ದು, 54 ವರ್ಷಗಳ ಬಳಿಕ ಸಂತೋಷ್ ಟ್ರೋಫಿಯನ್ನು ಮರಳಿ ಪಡೆಯಿತು. ಹಲಸೂರಿನ ಬಳಿಯ ಗೌತಮಪುರದಲ್ಲಿ ಬ್ರೆಜಿಲ್ ದೇಶದ ಪೆಲೆಯ ಪ್ರತಿಮೆಯನ್ನು ನಿಲ್ಲಿಸಿಕೊಂಡ ಜನರಿದ್ದಾರೆ. ಬೀದಿಯ ಭಕ್ತಿ ಇನ್ನೂ ಆರಿಲ್ಲವೆಂಬುದಕ್ಕೆ ಅದೇ ಸಾಕ್ಷಿ.

ಇಷ್ಟೆಲ್ಲವನ್ನೂ ನೋಡಿದಾಗ ತುಂಗಭದ್ರೆಯ ತೀರದವರಿಗೆ ತಮ್ಮ ನೆಲದ ವಿಚಾರ ನೆನಪಾಗದಿರದು. ಈ ಸೀಮೆಯಲ್ಲಿ ಎರೆಮಣ್ಣು ವಿಶೇಷ. ಅದು ಹತ್ತಿಗೆ ತಾಯಿ, ಚೆಂಡಿಗೆ ಮಲತಾಯಿ: ಬೇಸಗೆಯಲ್ಲಿ ಕಾಲು ಸಿಕ್ಕುವಂತೆ ಬಿರಿಯುತ್ತದೆ, ಮಳೆಗಾಲದಲ್ಲಿ ಅಂಟಾಗಿ ಕಾಲನ್ನು ಬಿಡುವುದಿಲ್ಲ. ಅಂತಹ ಕಡೆ ಮೇಲೆ ಗರಸು ಕೆಮ್ಮಣ್ಣು ಹೊಡೆಸಿ, ನೀರು ಹರಿದುಹೋಗುವಂತೆ ಇಳಿಜಾರು ಕೊಟ್ಟು, ಉರುಳುಗಲ್ಲಾಡಿಸದೆ ಮೈದಾನ ಸಿದ್ಧವಾಗದು. ದಾವಣಗೆರೆಯ ಹೈಸ್ಕೂಲ್ ಮೈದಾನ, ಹರಿಹರದ ಗಾಂಧಿ ಮೈದಾನ ಮೊದಲಾದ ಬಯಲುಗಳು ಆಟಕ್ಕೂ ಸಭೆಗೂ ಸಮಾರಂಭಕ್ಕೂ ಒದಗುವ ಊರೊಟ್ಟಿನ ಸೊತ್ತು. ಚಪ್ಪರದ ಗೂಟ ಕಿತ್ತ ಕುಣಿಯೂ ಗಾಡಿಯ ಚಕ್ರದ ಜಾಡೂ ಮುಚ್ಚದೆ ಉಳಿದರೆ ಮಾರನೆಯ ದಿನ ಆಡುವ ಹುಡುಗನ ಮೊಣಕಾಲಿಗೆ ಅದರ ಲೆಕ್ಕ ಬರುತ್ತದೆ. ಸ್ಕಾಟ್ಲೆಂಡಿನ ಗಣಿಗ್ರಾಮವು ಗಣಿ ಮುಚ್ಚಿದ ಮೇಲೂ ತನ್ನ ಸಂಘವನ್ನು ಉಳಿಸಿಕೊಂಡುದು ಬೇಲಿಯಿಂದ. ಬೆಂಗಳೂರಿನ ಬೀದಿಯು ಒಲಿಂಪಿಕ್ಸಿಗೆ ಆಟಗಾರರನ್ನು ಕಳುಹಿದುದು ಬೇಲಿಯಿಲ್ಲದ ಬಯಲಿನಿಂದ. ಬೇಲಿ ಇರಲಿ ಬಿಡಲಿ, ಎರಡು ಕಡೆಯೂ ನೆಲವಿತ್ತು. ಬಟ್ಟಲನ್ನು ಇಂದು ಕಳೆದುಕೊಂಡವರು ನಾಳೆ ಗೆಲ್ಲಬಹುದು, 54 ವರ್ಷ ತಡವಾಗಿಯಾದರೂ ಗೆಲ್ಲಬಹುದು. ಊರ ನಡುವಣ ಒಂದು ಎಕರೆ 24 ಗುಂಟೆ ಒಮ್ಮೆ ಮನೆಗಳ ಪಾಲಾದರೆ ಅದನ್ನು ಮರಳಿ ಗೆಲ್ಲುವ ಪಂದ್ಯ ಯಾವುದೂ ಇಲ್ಲ.