ವಿಶೇಷ ಶಿಕ್ಷಣ ಮತ್ತು ವರ್ತನಾ ಸಮಸ್ಯೆಗಳ ಕ್ಷೇತ್ರದ ಯುವ ಸಂಶೋಧಕರಿಗೆ ಸಲ್ಲುವ ಗೌರವಗಳು: ಸಾರ್ವಜನಿಕರಿಗೆ ಮಾಹಿತಿ

ವಿಶೇಷ ಅಗತ್ಯವುಳ್ಳ ಮಕ್ಕಳ ಶಿಕ್ಷಣ ಹಾಗೂ ಮಕ್ಕಳ ವರ್ತನಾ ಸಮಸ್ಯೆಗಳ ಬಗ್ಗೆ ಸಂಶೋಧನೆ ನಡೆಸುವವರನ್ನು ಅವರ ವೃತ್ತಿಜೀವನದ ಆರಂಭದಲ್ಲಿಯೇ ಗೌರವಿಸುವ ಪದ್ಧತಿ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ರೂಢಿಯಲ್ಲಿದೆ. ಸದರಿ ಗೌರವಗಳು ಯಾವ ಬಗೆಯ ಕೆಲಸಕ್ಕೆ ಸಲ್ಲುತ್ತವೆ, ಆ ಕೆಲಸದಿಂದ ನಮ್ಮ ರಾಜ್ಯದ ಪೋಷಕರು ತಿಳಿಯಬೇಕಾದುದೇನು ಎಂಬುದನ್ನು ಈ ಪುಟದಲ್ಲಿ ವಿವರಿಸಲಾಗಿದೆ. "ನಿಮ್ಮ ಮಗುವನ್ನು ಬೇರೆ ಶಾಲೆಗೆ ಸೇರಿಸಿ" ಎಂದು ಹೇಳಿಸಿಕೊಂಡ ಬಳಿಕವೇ ಸೌಲಭ್ಯಗಳನ್ನು ಅರಸಿ ಬರುವ ಪೋಷಕರು ಕಡಿಮೆಯೇನಿಲ್ಲ. ಅವರನ್ನು ಗಮನದಲ್ಲಿರಿಸಿ ಈ ಮಾಹಿತಿಯನ್ನು ಸಿದ್ಧಪಡಿಸಲಾಗಿದೆ.

ವಿಶೇಷ ಶಿಕ್ಷಣ ಕ್ಷೇತ್ರದ ಹಳೆಯ ವೃತ್ತಿಸಂಘಗಳಲ್ಲೊಂದಾದ ಕೌನ್ಸಿಲ್ ಫಾರ್ ಎಕ್ಸೆಪ್ಷನಲ್ ಚಿಲ್ಡ್ರನ್ 1922ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಆರಂಭವಾಯಿತು. ಶಿಕ್ಷಕಿ ಎಲಿಜಬೆತ್ ಫ್ಯಾರೆಲ್ ಅದರ ಮೊದಲ ಅಧ್ಯಕ್ಷರು. ಡಾಕ್ಟರೇಟ್ ಪಡೆದು 10 ವರ್ಷ ಮೀರದ ಸಂಶೋಧಕರಿಗೆ ಅದರ ಸಂಶೋಧನಾ ವಿಭಾಗವು ಪ್ರಶಸ್ತಿ ನೀಡುತ್ತ ಬಂದಿದೆ. ಇದಲ್ಲದೆ, ಎಲ್ಲ ವಿಜ್ಞಾನ ಶಾಖೆಗಳ ಯುವ ಸಂಶೋಧಕರಿಗಾಗಿ ಅಮೆರಿಕದ ಅಧ್ಯಕ್ಷರ ಹೆಸರಿನಲ್ಲಿ 1996ರಲ್ಲಿ ಸ್ಥಾಪಿತವಾದ ಪುರಸ್ಕಾರವೂ ಇದೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳಿಗೆ ಓದು ಕಲಿಸುವ ವಿಧಾನಗಳನ್ನು ಅಧ್ಯಯನ ಮಾಡಿದ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಕ್ರಿಸ್ಟೋಫರ್ ಲೆಮನ್ಸ್ ಅವರಿಗೆ 2016ರಲ್ಲಿ ಈ ಪುರಸ್ಕಾರ ಘೋಷಣೆಯಾಯಿತು. ಭೌತವಿಜ್ಞಾನಿಗಳ ಸಾಲಿನಲ್ಲಿ ವಿಶೇಷ ಶಿಕ್ಷಣದ ಸಂಶೋಧಕರೊಬ್ಬರು ನಿಂತದ್ದು ಸಣ್ಣ ಸಂಗತಿಯಲ್ಲ.

ಆರಂಭದಲ್ಲಿಯೇ ಗೌರವಿಸುವುದಕ್ಕೆ ಕಾರಣವಿದೆ. ಲೆಕ್ಕಪತ್ರದ ಭಾಷೆಯಲ್ಲಿ ಹೇಳುವುದಾದರೆ, ಈ ಕ್ಷೇತ್ರದಲ್ಲಿ ಹೂಡಿಕೆ ಮೊದಲು, ಫಲ ಬಹಳ ತಡ. ಒಂದು ಮಗುವನ್ನು ತರಗತಿಯಲ್ಲಿ ವಾರಗಟ್ಟಲೆ ಗಮನಿಸಿ, ದಿನದಿನದ ಎಣಿಕೆಯನ್ನು ದಾಖಲಿಸಿದ ನಂತರವೇ ಒಂದು ನಿರ್ಣಯಕ್ಕೆ ಬರಲು ಸಾಧ್ಯ. ಬೆಂಬಲ ಸಿಗದಿದ್ದಲ್ಲಿ ಯುವಕರು ಬೇರೆ ಉದ್ಯೋಗ ಹುಡುಕಿಕೊಳ್ಳುತ್ತಾರೆ. ಅಮೆರಿಕದ ಶಿಕ್ಷಣ ಸಂಶೋಧನಾ ಸಂಸ್ಥೆಯ ಸಿಬ್ಬಂದಿಯಲ್ಲಿ ಬಹುಪಾಲನ್ನು 2025ರಲ್ಲಿ ಕಡಿತಗೊಳಿಸಿದ ಬಳಿಕ ಈ ಆತಂಕ ಇನ್ನೂ ಹೆಚ್ಚಿದೆ.

ವರ್ತನಾ ಸಂಶೋಧನೆ ಕಂಡುಕೊಂಡ ಮುಖ್ಯ ಅಂಶವನ್ನು ಪೋಷಕರು ಅವಶ್ಯವಾಗಿ ತಿಳಿದಿರಬೇಕು. ತಮಗೆ ತಾವೇ ಗಾಯ ಮಾಡಿಕೊಳ್ಳುತ್ತಿದ್ದ 9 ಮಂದಿಯನ್ನು ಅಧ್ಯಯನ ಮಾಡಿದ ಬ್ರಯನ್ ಇವಾಟ ಮತ್ತು ಸಂಗಡಿಗರು, ಹೊರಗೆ ಒಂದೇ ರೀತಿ ಕಾಣುವ ವರ್ತನೆಗೆ ಬೇರೆ ಬೇರೆ ಮಕ್ಕಳಲ್ಲಿ ಬೇರೆ ಬೇರೆ ಕಾರಣಗಳಿರಬಹುದೆಂದು 1982ರಲ್ಲಿ ತೋರಿಸಿದರು. 1985ರಲ್ಲಿ ಎಡ್ವರ್ಡ್ ಕಾರ್ ಮತ್ತು ಮಾರ್ಕ್ ಡ್ಯುರಾಂಡ್ ಇದನ್ನು ಒಂದು ಹೆಜ್ಜೆ ಮುಂದಕ್ಕೆ ಒಯ್ದರು. ಬೆಳವಣಿಗೆಯ ನ್ಯೂನತೆಯಿದ್ದ 4 ಮಕ್ಕಳಲ್ಲಿ ಕೆಲವರು ಪಾಠ ಕಠಿಣವಾದಾಗ, ಕೆಲವರು ಶಿಕ್ಷಕರ ಗಮನ ಸಿಗದಿದ್ದಾಗ ರಂಪ ಮಾಡುತ್ತಿದ್ದರು. ತನಗೆ ಅರ್ಥವಾಗಲಿಲ್ಲವೆಂದು ಹೇಳುವುದನ್ನು, ತನ್ನ ಕೆಲಸ ಸರಿಯಿದೆಯೇ ಎಂದು ಕೇಳುವುದನ್ನು ಅವರಿಗೆ ಕಲಿಸಲಾಯಿತು. ಮಗುವಿನ ಕಾರಣಕ್ಕೆ ಹೊಂದುವ ಮಾತನ್ನು ಕಲಿಸಿದಾಗ ರಂಪ ತಗ್ಗಿತು. ಹೊಂದದ ಮಾತನ್ನು ಕಲಿಸಿದಾಗ ತಗ್ಗಲಿಲ್ಲ. ಮಗುವಿನ ಹಠವೂ ಒಂದು ಬಗೆಯ ಅರ್ಜಿಯೇ ಎಂದು ಈ ವಿಷಯವನ್ನು ಓದುವಾಗ ನಮಗೆ ಅನ್ನಿಸಿದ್ದುಂಟು. ಅಮೆರಿಕದ ವಿಶೇಷ ಶಿಕ್ಷಣ ಕಾನೂನಿನ 1997ರ ತಿದ್ದುಪಡಿಯು, ಅಂಗವೈಕಲ್ಯವುಳ್ಳ ಮಗುವನ್ನು ಶಿಸ್ತಿನ ಕಾರಣಕ್ಕೆ 10 ದಿನಕ್ಕಿಂತ ಹೆಚ್ಚು ಹೊರಗಿಡುವ ಸಂದರ್ಭದಲ್ಲಿ ವರ್ತನೆಯ ಕಾರಣವನ್ನು ಪರಿಶೀಲಿಸಬೇಕೆಂದು ವಿಧಿಸಿತು.

ನಮ್ಮ ದೇಶದ ಕಾನೂನು ಸ್ಥಿತಿ ಹೀಗಿದೆ. ಶಿಕ್ಷಣ ಹಕ್ಕು ಅಧಿನಿಯಮ, 2009 ಅನ್ವಯವಾಗುವ ಶಾಲೆಗಳಲ್ಲಿ ಪ್ರಾಥಮಿಕ ಶಿಕ್ಷಣ, ಅಂದರೆ 8ನೇ ತರಗತಿ, ಮುಗಿಯುವವರೆಗೆ ಯಾವುದೇ ಮಗುವನ್ನು ಹೊರಹಾಕುವಂತಿಲ್ಲ (ಪ್ರಕರಣ 16). ಅನುತ್ತೀರ್ಣಗೊಳಿಸುವ ವಿಷಯದಲ್ಲಿ 2019ರಲ್ಲಿ ತಿದ್ದುಪಡಿಯಾಗಿದ್ದರೂ ಈ ನಿಷೇಧ ಹಾಗೆಯೇ ಉಳಿದಿದೆ. ದೈಹಿಕ ಶಿಕ್ಷೆ ಹಾಗೂ ಮಾನಸಿಕ ಹಿಂಸೆಯನ್ನು ಪ್ರಕರಣ 17 ನಿಷೇಧಿಸುತ್ತದೆ. ಅಂಗವಿಕಲರ ಹಕ್ಕುಗಳ ಅಧಿನಿಯಮ, 2016 ಗುರುತಿಸಿರುವ 21 ಬಗೆಯ ಅಂಗವೈಕಲ್ಯಗಳಲ್ಲಿ ಆಟಿಸಂ, ಬೌದ್ಧಿಕ ಅಂಗವೈಕಲ್ಯ, ನಿರ್ದಿಷ್ಟ ಕಲಿಕಾ ನ್ಯೂನತೆ ಮತ್ತು ಮಾನಸಿಕ ಅಸ್ವಸ್ಥತೆ ಸೇರಿವೆ. ವರ್ತನಾ ದೋಷ ಎಂಬ ಪ್ರತ್ಯೇಕ ವರ್ಗವಿಲ್ಲ. ಆದ್ದರಿಂದ ಹಠ ಅಥವಾ ಚಂಚಲತೆಯನ್ನಷ್ಟೇ ನಮೂದಿಸಿ ಗುರುತಿನ ಚೀಟಿಗೆ ಅರ್ಜಿ ಸಲ್ಲಿಸಿದರೆ ಪ್ರಯೋಜನವಾಗದು. ಮೂಲ ಸ್ಥಿತಿ ಯಾವುದೆಂದು ವೈದ್ಯಕೀಯ ಪ್ರಾಧಿಕಾರವೇ ನಿರ್ಧರಿಸಬೇಕಾಗುತ್ತದೆ.

ತಪಾಸಣೆಗೆ ಹೋಗುವ ಮುನ್ನ ಪೋಷಕರು ಒಂದು ನೋಟ್‌ಪುಸ್ತಕದಲ್ಲಿ ಪ್ರತಿ ಘಟನೆಗೂ ಮೂರು ವಿಷಯಗಳನ್ನು ಬರೆದಿಡುವುದು ಉಪಯುಕ್ತ: ಅದಕ್ಕೆ ಮೊದಲು ಏನು ನಡೆಯಿತು, ಮಗು ಏನು ಮಾಡಿತು, ಅನಂತರ ಸುತ್ತಲಿನವರು ಏನು ಮಾಡಿದರು. ಮೇಲ್ಕಂಡ ಸಂಶೋಧಕರೂ ಗಮನಿಸಿದ್ದು ಇವನ್ನೇ. ತರಗತಿಯ ಶಿಕ್ಷಕರಿಂದಲೂ ಇಂತಹ ಟಿಪ್ಪಣಿಯನ್ನು ಕೋರಬಹುದು.

ಈ ಕ್ಷೇತ್ರದಲ್ಲಿ ದುಡಿಯುತ್ತಿರುವ ನಮ್ಮ ಸಂಶೋಧಕರಿಗೂ ಅವಕಾಶವಿದೆ. 1969ರಲ್ಲಿ ಆರಂಭವಾದ, ಅಂಗವಿಕಲರ ಸಬಲೀಕರಣಕ್ಕಾಗಿ ನೀಡುವ ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ಉತ್ತಮ ಸಂಶೋಧನೆಗೂ ಒಂದು ವರ್ಗವಿದೆ. ವಯಸ್ಸು ಚಿಕ್ಕದೆಂದು, ಹುದ್ದೆ ಕೆಳಗಿನದೆಂದು ಹಿಂಜರಿಯುವವರನ್ನು ಅವರ ಸಂಸ್ಥೆಗಳು ಮುಂದೆ ತರಬೇಕೆಂದು ಕೋರಲಾಗಿದೆ. ಅರ್ಜಿಗಳನ್ನು ಕೇಂದ್ರ ಸರ್ಕಾರದ ರಾಷ್ಟ್ರೀಯ ಪುರಸ್ಕಾರ ಪೋರ್ಟಲ್ ಮೂಲಕ ಆಹ್ವಾನಿಸಲಾಗುತ್ತದೆ. ಅರ್ಹತೆ ಮತ್ತು ಕೊನೆಯ ದಿನಾಂಕವನ್ನು ಆಯಾ ವರ್ಷದ ಅಧಿಸೂಚನೆಯಲ್ಲಿ ನೋಡಿಕೊಳ್ಳತಕ್ಕದ್ದು.