ಮಾಗಿಯ ಗಾಳಿ, ಪೈರಿನ ಹೊದಿಕೆ



ದೀಪಾವಳಿ ಕಳೆದು ಕಾರ್ತಿಕ ಸಾಗುವ ಹೊತ್ತಿಗೆ ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಲ್ಲಿ ಹಲವರ ಹಿತ್ತಲಲ್ಲಿ, ಬಾವಿ ಪಕ್ಕದ ತಾಕಿನಲ್ಲಿ ಟೊಮೆಟೊ, ಬದನೆ, ಮೆಣಸಿನಕಾಯಿ, ಎಲೆಕೋಸಿನ ಪೈರು ಏಳುತ್ತಿರುತ್ತದೆ. ಇದೇ ಹೊತ್ತಿಗೆ ಮೂಡಲ ಕಡಲಲ್ಲಿ ವಾಯುಭಾರ ಕುಸಿದಿದೆ ಎಂಬ ಸುದ್ದಿಯೂ ಬರುತ್ತದೆ. ಕಡಲು ನಮಗೆ ದೂರ ನಿಜ. ಆದರೆ ಅಲ್ಲೆದ್ದ ಗಾಳಿಮಳೆಯ ಬಾಲ ನಮ್ಮ ಹೊಲಕ್ಕೂ ತಾಕುತ್ತದೆ. 2024ರ ನವೆಂಬರ್ 30ರಂದು ಫೆಂಗಲ್ ಎಂಬ ಚಂಡಮಾರುತ ಪುದುಚೇರಿಯ ಬಳಿ ದಡ ಹತ್ತಿತು. ಡಿಸೆಂಬರ್ ಮೊದಲ ದಿನಗಳಲ್ಲಿ ನಮ್ಮ ಜಿಲ್ಲೆಯಲ್ಲೂ ಮಳೆ ಜಡಿಯಿತು.

ಒಂದು ಎಕರೆಗೆ ಬೇಕಾದ ಟೊಮೆಟೊ ಪೈರು ಬೆಳೆಯಲು ಅರ್ಧ ಗುಂಟೆ ನೆಲ ಸಾಕು. ಅಂದರೆ ಒಂದು ಎಕರೆಯ ಬೆಳೆ, ಮನೆಯ ಮುಂದಿನ ನಾಲ್ಕು ತಿಂಗಳ ಆಸೆ, ಇಪ್ಪತ್ತೈದು ಮೂವತ್ತು ದಿನ ಆ ಅರ್ಧ ಗುಂಟೆಯೊಳಗೇ ಇರುತ್ತದೆ. ಅದು ಒಂದು ರಾತ್ರಿಯಲ್ಲಿ ಹೋದರೆ ಹೋಗುವುದು ಬೀಜದ ದುಡ್ಡು ಮಾತ್ರವಲ್ಲ, ಒಂದು ತಿಂಗಳ ಕಾಲವೂ ಹೋಯಿತು. ತಡವಾಗಿ ನೆಟ್ಟ ಬೆಳೆಗೆ ಬೇಸಗೆಯಲ್ಲಿ ಬಾವಿ ನೀರು ಸಾಲದೆ ಬರುತ್ತದೆ. ಆದ್ದರಿಂದಲೇ ಪೈರಿನ ಮಡಿಗೆ ಹೊದಿಕೆ ಹಾಕುವ ಯೋಚನೆ ಮನುಷ್ಯನಿಗೆ ಬಹಳ ಹಿಂದೆಯೇ ಬಂತು. ಆ ಕಥೆಯನ್ನು ಇಂದು ನಿಮ್ಮ ಮುಂದೆ ಇಡುತ್ತೇನೆ.

ಮೊದಲು ನಮ್ಮ ಸೀಮೆಯದನ್ನೇ ನೋಡೋಣ. 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಮೈಸೂರು ಸೀಮೆಯನ್ನೆಲ್ಲ ಸುತ್ತಿ ಇಲ್ಲಿನ ಬೇಸಾಯದ ವಿವರ ಬರೆದುಕೊಂಡ. ಭತ್ತವನ್ನು ಒಣಬೀಜ ಚೆಲ್ಲಿ, ಮೊಳಕೆ ಕಟ್ಟಿ ಚೆಲ್ಲಿ, ಒಟ್ಲು ಬೆಳೆಸಿ ನಾಟಿ ಮಾಡಿ, ಹೀಗೆ ಮೂರು ಬಗೆಯಲ್ಲಿ ಬೆಳೆಯುತ್ತಿದ್ದುದನ್ನು ಆತ ಗುರುತಿಸಿದ. ಒಟ್ಲು ಹಾಕುವ ವಿದ್ಯೆ ನಮಗೆ ಯಾವ ಇಲಾಖೆಯೂ ಹೇಳಿಕೊಟ್ಟದ್ದಲ್ಲ, ತಾತ ಮುತ್ತಾತಂದಿರಿಂದ ಬಂದದ್ದು. ಎಳೆ ಪೈರಿನ ಮೇಲೆ ತೆಂಗಿನ ಗರಿ, ಕಬ್ಬಿನ ಸೋಗೆ ಹೊದಿಸುವುದೂ ಹಾಗೆಯೇ. ಇನ್ನು ಎಲೆತೋಟ ನೋಡಿ. ವೀಳ್ಯದ ಬಳ್ಳಿ ಗಾಳಿಗೂ ಬಿಸಿಲಿಗೂ ಅಂಜುವಂಥದು. ಅದಕ್ಕೆ ಅಗಸೆ, ಹಾಲುವಾಣದ ಮರಗಳೇ ಆಸರೆ, ಅವೇ ನೆರಳು, ಅವೇ ಗಾಳಿತಡೆ. ಗರಿಯಾಗಲಿ ಮರವಾಗಲಿ ಗಾಳಿಯನ್ನು ಗೋಡೆಯಂತೆ ನಿಲ್ಲಿಸುವುದಿಲ್ಲ. ಸಂದಿನಲ್ಲಿ ಸ್ವಲ್ಪ ಬಿಟ್ಟು, ಅದರ ಜೋರು ಮುರಿಯುತ್ತದೆ. ಈ ಮಾತು ನೆನಪಿನಲ್ಲಿರಲಿ. ಮುಂದೆ ಬೇಕಾಗುತ್ತದೆ.

ಬೇರೆ ದೇಶಗಳಲ್ಲಿ ಹಿಮ ಬೀಳುತ್ತದೆ. ಅಲ್ಲಿ ಗರಿ ಸಾಲದು, ಬೆಳಕು ಒಳಗೆ ಬಿಟ್ಟು ಚಳಿ ಹೊರಗೆ ತಡೆಯುವ ಹೊದಿಕೆ ಬೇಕು. ಸುಮಾರು 2000 ವರ್ಷಗಳ ಹಿಂದೆ ರೋಮಿನ ಚಕ್ರವರ್ತಿ ಟೈಬೀರಿಯಸ್‌ಗೆ ಸೌತೆ ಜಾತಿಯ ಕಾಯಿ ದಿನವೂ ಬೇಕಿತ್ತಂತೆ. ಅವನ ತೋಟಗಾರರು ಮಡಿಗಳನ್ನು ಗಾಲಿಯ ಮೇಲೆ ಮಾಡಿ, ಬಿಸಿಲಿದ್ದಾಗ ಹೊರಗೆ ತಳ್ಳಿ, ಚಳಿ ದಿನಗಳಲ್ಲಿ ಬೆಳಕು ತೂರುವ ತೆಳು ಕಲ್ಲಿನ ಹಲಗೆಗಳ ಕೆಳಗೆ ಎಳೆದುಕೊಳ್ಳುತ್ತಿದ್ದರೆಂದು ಪ್ಲಿನಿ ಎಂಬ ಗ್ರಂಥಕಾರ ಬರೆದಿಟ್ಟಿದ್ದಾನೆ. ಮುಂದೆ ಗಾಜು ಬಂತು. 19ನೇ ಶತಮಾನದಲ್ಲಿ ಪ್ಯಾರಿಸ್ ಊರಂಚಿನ ತರಕಾರಿ ಬೆಳೆಗಾರರು ಗಂಟೆಯ ಆಕಾರದ ಗಾಜಿನ ಬುರುಡೆಗಳನ್ನು ನೂರುಗಟ್ಟಲೆ ಸಾಲಾಗಿ ಪೈರಿನ ಮೇಲೆ ಮಗುಚುತ್ತಿದ್ದರು. ಬಿಸಿಲೇರಿದಾಗ ಒಂದೊಂದನ್ನೂ ಕಡ್ಡಿ ಕೊಟ್ಟು ಎತ್ತಬೇಕು, ಸಂಜೆ ಮತ್ತೆ ಇಳಿಸಬೇಕು. ಚಕ್ರವರ್ತಿಯ ತೋಟವೇ ಇರಲಿ, ಬಡ ಒಕ್ಕಲಿನ ತೋಟವೇ ಇರಲಿ, ಹೊದಿಕೆಯ ಹಿಂದೆ ದಿನಕ್ಕೆರಡು ಸಲ ಒಂದು ಕೈ ಓಡಾಡಿದೆ.

ನಮ್ಮ ನಾಡಿನಲ್ಲಿ ಗಾಜಿನ ಮನೆ ಎಂದರೆ ಬೆಂಗಳೂರಿನ ಲಾಲ್‌ಬಾಗು. 1889ರ ನವೆಂಬರ್ 30ರಂದು ಅದಕ್ಕೆ ಅಸ್ತಿಭಾರ ಹಾಕಿದರು. ಅಂಥದ್ದು ಅರಮನೆಗೆ, ಸರ್ಕಾರಕ್ಕೆ ಸರಿ, ಒಕ್ಕಲು ಮನೆಗೆ ಎಟಕುವ ಮಾತಲ್ಲ. ಎಟಕುವಂತೆ ಮಾಡಿದ್ದು ಪಾಲಿಥೀನ್. 1933ರಲ್ಲಿ ಇಂಗ್ಲೆಂಡಿನ ಒಂದು ರಾಸಾಯನಿಕ ಕಾರ್ಖಾನೆಯ ಪ್ರಯೋಗಶಾಲೆಯಲ್ಲಿ, ಬೇರೆ ಏನನ್ನೋ ಹುಡುಕುವಾಗ, ಬಿಳಿಯ ಮೇಣದಂಥ ಪದಾರ್ಥ ಸಿಕ್ಕಿತು. ಅದೇ ಪಾಲಿಥೀನ್. 1948ರಲ್ಲಿ ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯದ ಎಮರಿ ಎಮರ್ಟ್ ಎಂಬ ತೋಟಗಾರಿಕೆ ಪ್ರಾಧ್ಯಾಪಕರು, ಗಾಜಿನ ಮನೆ ಕಟ್ಟಲು ದುಡ್ಡು ಸಾಲದೆ, ಮರದ ಚೌಕಟ್ಟಿಗೆ ಸೆಲೊಫೇನ್ ಹಾಳೆ ಹೊದಿಸಿ ಗಿಡ ಬೆಳೆಸಿದರು. ಆಮೇಲೆ ಪಾಲಿಥೀನ್ ಹಾಳೆಗೆ ಬದಲಾಯಿಸಿದರು. ಇಂದು ಲೋಕದಲ್ಲೆಲ್ಲ ಕಾಣುವ ಪ್ಲಾಸ್ಟಿಕ್ ಮನೆಯ ಮೂಲ ಹೀಗೆ ಬಡತನದಲ್ಲೇ ಇದೆ.

ಆ ಕಾಲದಲ್ಲಿ ನಮ್ಮ ಸತ್ತೇಗಾಲ ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ನೆರೆಯ ಯಳಂದೂರು ಮೈಸೂರಿನದು. 1956ರ ನವೆಂಬರ್ 1ರಂದು ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಸೇರಿತು. 1963ರಲ್ಲಿ ತೋಟಗಾರಿಕೆಗೆ ಬೇರೆ ಇಲಾಖೆಯಾಗಿ, ನಮ್ಮ ಪಕ್ಕದ ಬನ್ನೂರು ಕಡೆಯವರೇ ಆದ ಡಾ. ಎಂ.ಎಚ್. ಮರಿಗೌಡರು ಅದರ ನಿರ್ದೇಶಕರಾದರು. 1967ರಲ್ಲಿ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಹುಟ್ಟಿತು. 1981ರಲ್ಲಿ ಕೇಂದ್ರ ಸರ್ಕಾರ ಬೇಸಾಯದಲ್ಲಿ ಪ್ಲಾಸ್ಟಿಕ್ ಬಳಕೆಯನ್ನು ನೋಡಿಕೊಳ್ಳಲೆಂದೇ ಒಂದು ಸಮಿತಿ ಮಾಡಿತು. 2005-06ರಲ್ಲಿ ರಾಷ್ಟ್ರೀಯ ತೋಟಗಾರಿಕೆ ಮಿಷನ್ ಆರಂಭವಾಗಿ, ಹಸಿರುಮನೆಗೂ ನೆರಳು ಪರದೆಗೂ ಸಹಾಯಧನ ಸಿಗುವಂತಾಯಿತು. ಗರಿಯ ಜಾಗಕ್ಕೆ ಹಾಳೆ ಬಂದದ್ದು ಹೀಗೆ.

ಹಾಳೆ ಬಂತು, ಸರಿ. ಅದರ ಜೊತೆಗೆ ಒಂದು ಮರೆವೂ ಬಂತು. ಆ ಮರೆವು ನನ್ನದೂ ಹೌದು. ನಾನು ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದ ಹೊಸತು. ಸತ್ತೇಗಾಲದ ಒಂದು ಮನೆಯವರಿಗೆ ಬಿದಿರು ದಬ್ಬೆ ಬಗ್ಗಿಸಿ, ಹಾಳೆ ಹೊದಿಸಿ, ತಗ್ಗಿನ ಪ್ಲಾಸ್ಟಿಕ್ ಗೂಡು ಮಾಡಿಸಿದೆ. ಹಾಳೆಯ ಅಂಚಿಗೆ ಕಲ್ಲು ಹೇರಿಸಿದೆ. ಅಷ್ಟೇ ಸಾಕು ಅಂದುಕೊಂಡೆ. ಡಿಸೆಂಬರಿನ ಒಂದು ರಾತ್ರಿ ಮೂಡಲ ಗಾಳಿ ಬೀಸಿತು. ಬೆಳಗ್ಗೆ ಹೋಗಿ ನೋಡಿದರೆ ಹಾಳೆ ಪಕ್ಕದವರ ಹಿಪ್ಪುನೇರಳೆ ತೋಟದಲ್ಲಿ ನೇತಾಡುತ್ತಿದೆ. ಉರುಳಿದ ಕಲ್ಲು, ಮುರಿದ ದಬ್ಬೆ ಪೈರಿನ ಮೇಲೆ ಬಿದ್ದಿವೆ. ಅದೇ ಮನೆಯ ಅಜ್ಜಿ ಬದನೆ ಮಡಿಗೆ ಗರಿ ಹೊದಿಸಿದ್ದರು. ಅದು ಅಲುಗಿರಲಿಲ್ಲ. ಅಜ್ಜಿ ನನ್ನನ್ನು ಬೈಯಲಿಲ್ಲ. "ಗಾಳಿಗೆ ದಾರಿ ಬುಡ್ಬೇಕು ಕನಪ್ಪ. ನೀ ಬುಡ್ನಿಲ್ಲ ಅಂದ್ರ ಅದೇ ದಾರಿ ಮಾಡ್ಕತದ" ಅಂದರು. ಆ ಮನೆಯವರು ಆ ವರ್ಷ ಪೈರನ್ನು ದುಡ್ಡು ಕೊಟ್ಟು ತಂದು ನೆಟ್ಟರು. ಆ ಖರ್ಚು ನನ್ನ ಅರೆ ತಿಳುವಳಿಕೆಯ ಖರ್ಚು.

ಅಜ್ಜಿಯ ಮಾತಿನಲ್ಲಿ ಶಾಸ್ತ್ರವಿದೆ. ಗರಿಯ ಸಂದಿನಲ್ಲಿ ಗಾಳಿ ತೂರಿ ಹೋಗುತ್ತದೆ. ಹಾಳೆಯಲ್ಲಿ ತೂರುವುದಿಲ್ಲ, ಅದು ದೋಣಿಯ ಹಾಯಿಯಂತೆ ಉಬ್ಬಿ ಏಳುತ್ತದೆ. ಹಾಗಾದರೆ ಹಾಳೆ ಬೇಡವೇ? ಬೇಕು. ಜಡಿಮಳೆಯ ಹನಿ ಎಳೆ ಪೈರನ್ನು ಬಡಿಯದಂತೆ, ಮಡಿ ಕೆಸರಾಗದಂತೆ ಕಾಯುವುದರಲ್ಲಿ ಗರಿಗಿಂತ ಹಾಳೆ ಮೇಲು. ಹಾಳೆಗೆ ಗರಿಯ ಗುಣವನ್ನು ನಾವು ಕೂಡಿಸಿಕೊಡಬೇಕು, ಅಷ್ಟೆ. ಹೇಗೆಂದರೆ,

ಮಡಿ ಮೂರಡಿ ಅಗಲ, ಅರ್ಧ ಅಡಿ ಎತ್ತರ ಇರಲಿ. ಸುತ್ತ ನೀರು ಬಸಿಯಲು ಕಾಲುವೆ ತೆಗೆಯಿರಿ. ಗೂಡಿನ ಉದ್ದ ಮೂಡಲಿಂದ ಪಡುವಲಿಗೆ ಬರಲಿ. ಆಗ ಹಿಂಗಾರಿನ ಗಾಳಿಗೆ ಅಗಲ ಮೈ ಸಿಗದೆ, ಕಿರಿ ಬಾಯಿ ಮಾತ್ರ ಸಿಗುತ್ತದೆ. ದಬ್ಬೆಗಳನ್ನು ಮೂರಡಿಗೆ ಒಂದರಂತೆ, ಎರಡಡಿಗಿಂತ ಎತ್ತರವಾಗದಂತೆ ಬಗ್ಗಿಸಿ, ಕಾಲುಗಳನ್ನು ಒಂದಡಿ ನೆಲಕ್ಕೆ ಇಳಿಸಿ. ಹಾಳೆಯ ಅಂಚಿಗೆ ಕಲ್ಲು ಹೇರಬೇಡಿ. ಅರ್ಧ ಅಡಿಗೂ ಮಿಕ್ಕಿ ಆಳದ ಸಾಲು ತೆಗೆದು, ಅಂಚನ್ನು ಅದರಲ್ಲಿ ಹೂತು ಮಣ್ಣು ತುಳಿಯಿರಿ. ಹಾಳೆಯ ಮೇಲೆ ಆ ಕಡೆಯಿಂದ ಈ ಕಡೆಗೆ ಹಗ್ಗ ಅಡ್ಡಡ್ಡ ಎಳೆದು ಗೂಟಕ್ಕೆ ಕಟ್ಟಿ.

ಮೂಡಲ ದಿಕ್ಕಿಗೆ ಗರಿಯ ತಡಿಕೆಯೋ, ಜೋಳದ ಕಡ್ಡಿಯ ಬೇಲಿಯೋ, ಅಗಸೆಯ ಸಾಲೋ ಇರಲಿ. ಗಾಳಿ ಅರ್ಧದಷ್ಟು ತೂರುವ ಬೇಲಿಯೇ ಒಳ್ಳೆಯದು. ಬೇಲಿಯ ಎತ್ತರದ ಸುಮಾರು ಹತ್ತರಷ್ಟು ದೂರದವರೆಗೆ ಅದರ ಮರೆ ಸಿಗುತ್ತದೆ. ಐದಡಿ ಬೇಲಿಗೆ ಐವತ್ತಡಿ ಎಂದಿಟ್ಟುಕೊಳ್ಳಿ.

ಗಾಳಿಯ ರಾತ್ರಿ ಗೂಡಿನ ಎರಡು ಬಾಯಿಯನ್ನೂ ಇಳಿಸಿ ಕಟ್ಟಿ. ಬೆಳಗ್ಗೆ ಮರೆಯದೆ ಬಿಚ್ಚಿ. ಮಳೆ ಬಿಡದಿದ್ದರೂ ಗಾಳಿ ಮರೆಯ ಕಡೆಯ ಬಾಯಿ ತೆರೆದಿರಲಿ. ಮೂರು ದಿನ ಮುಚ್ಚಿಟ್ಟರೆ ಒಳಗೆ ಬೆವರಿ, ಬುಡ ಕೊಳೆತು, ಗಾಳಿ ಉಳಿಸಿದ ಪೈರನ್ನು ನಾವೇ ಕೊಂದಂತಾಗುತ್ತದೆ. ಚಂಡಮಾರುತದ ಎಚ್ಚರಿಕೆ ಬಂದು, ಗೂಡು ತಡೆಯಲಾರದು ಎನಿಸಿದರೆ ಹಾಳೆಯನ್ನು ಮೊದಲೇ ಸುತ್ತಿಟ್ಟು, ಪೈರಿನ ಮೇಲೆ ಗರಿಯನ್ನು ತಗ್ಗಾಗಿ ಹೊದಿಸಿ. ಇನ್ನೊಂದು ಮಾತು. ಬೀಜವನ್ನೆಲ್ಲ ಒಂದೇ ದಿನ ಹಾಕಬೇಡಿ. ಒಂದು ಪಾಲನ್ನು ವಾರ ಹತ್ತು ದಿನ ತಡೆದು ಹಾಕಿ. ಒಂದು ಮಡಿ ಹೋದರೆ ಇನ್ನೊಂದು ಕೈ ಹಿಡಿಯುತ್ತದೆ.

ಗಾಲಿಯ ಮಡಿ, ಗಾಜಿನ ಬುರುಡೆ, ಪಾಲಿಥೀನ್ ಹಾಳೆ, ನಮ್ಮ ತೆಂಗಿನ ಗರಿ, ಇವುಗಳಲ್ಲಿ ಯಾವುದೂ ತಾನಾಗಿಯೇ ಪೈರು ಕಾಯಲಿಲ್ಲ. ಸಂಜೆ ಮುಚ್ಚಿ ಬೆಳಗ್ಗೆ ತೆರೆದ ಕೈ ಕಾಯಿತು. ಹೆಚ್ಚಿನ ಮನೆಗಳಲ್ಲಿ ಆ ಕೈ ಹೆಂಗಸರದು. ಆದ್ದರಿಂದ ಹೊಸ ಹೊದಿಕೆ ತರುವ ಯಜಮಾನರು ಮೊದಲು ಮನೆಯ ಹಿರಿಯರನ್ನೂ ಹೆಣ್ಣುಮಕ್ಕಳನ್ನೂ ಕೂರಿಸಿಕೊಂಡು ಒಂದು ಮಾತು ಕೇಳಿ. ನಾನು ಕೇಳದೆ ಕೆಟ್ಟೆ. ನೀವು ಕೇಳಿ ಉಳಿಸಿಕೊಳ್ಳಿ.